ಬಸಿರು ಮತ್ತು ಮದ್ಯ: ‘ಸ್ವಲ್ಪ’ ಎಂದರೆ ಎಷ್ಟು?

ಮಾನ್ಯ ಸಂಪಾದಕರೇ,

ಬಸುರಿ ಹೆಂಗಸು ಮದ್ಯ ಮುಟ್ಟಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿ ಕಾದಿರುತ್ತವೆ. ‘ಒಂದು ಲೋಟ ವೈನ್‌ಗೆ ಏನೂ ಆಗುವುದಿಲ್ಲ, ಎಷ್ಟು ಜನ ಕುಡಿದೂ ಗಟ್ಟಿಮುಟ್ಟಾದ ಮಕ್ಕಳನ್ನು ಹೆತ್ತಿಲ್ಲ?’ ಎನ್ನುವುದು ಒಂದು. ‘ಒಂದು ಹನಿ ಒಳಗೆ ಹೋದರೂ ಮಗು ಕೆಟ್ಟಿತು’ ಎನ್ನುವುದು ಇನ್ನೊಂದು. ಒಂದು ಧೈರ್ಯ ಹೇಳುತ್ತದೆ, ಇನ್ನೊಂದು ಹೆದರಿಸುತ್ತದೆ. ಲೋಟ ಎಷ್ಟು ದೊಡ್ಡದು, ಅದರಲ್ಲಿ ಇದ್ದದ್ದು ಏನು, ಎಷ್ಟನೇ ವಾರ, ಒಂದೇ ರಾತ್ರಿಯೋ ವಾರವಿಡೀಯೋ ಎಂದು ಮಾತ್ರ ಎರಡೂ ಕೇಳುವುದಿಲ್ಲ. ಪ್ರಸೂತಿ ಮತ್ತು ಮಕ್ಕಳ ಬೆಳವಣಿಗೆಯ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ಇಂದಿನಿಂದ ಮುಂದಕ್ಕೆ ಸೊನ್ನೆ. ಈಗಾಗಲೇ ಕುಡಿದದ್ದಕ್ಕೆ ಬೈಗುಳ ಬೇಡ, ಲೆಕ್ಕ ಬೇಕು.

ಲೆಕ್ಕದಿಂದಲೇ ಶುರು ಮಾಡೋಣ. ಪಾನೀಯದ ಮಿಲಿಲೀಟರನ್ನು ಅದರ ಆಲ್ಕೊಹಾಲಿನ ಶೇಕಡಾ ಪ್ರಮಾಣದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಅದರಲ್ಲಿರುವ ಶುದ್ಧ ಆಲ್ಕೊಹಾಲ್ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಶೇ 12ರ ವೈನ್ 150 ಮಿ.ಲೀ. ಎಂದರೆ ಸುಮಾರು 14 ಗ್ರಾಂ. ಶೇ 5ರ ಬಿಯರ್ 330 ಮಿ.ಲೀ. ಕ್ಯಾನ್‌ನಲ್ಲಿ 13 ಗ್ರಾಂ. ಶೇ 40ರ ವಿಸ್ಕಿಯ 60 ಮಿ.ಲೀ. ಪೆಗ್‌ನಲ್ಲಿ 19 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ. ‘ಒಂದೇ ಒಂದು ಬಿಯರ್ ಕುಡಿದೆ’ ಎಂದವರಲ್ಲಿ ಒಬ್ಬರು 13 ಗ್ರಾಂ ಕುಡಿದಿರಬಹುದು, ಇನ್ನೊಬ್ಬರು ಅದರ ಮೂರು ಪಟ್ಟು. ಇಬ್ಬರೂ ಸುಳ್ಳು ಹೇಳಿಲ್ಲ. ‘ಒಂದು ಡ್ರಿಂಕ್’ ಎಂಬ ಅಳತೆಯಾದರೂ ಎಲ್ಲೆಡೆ ಒಂದೇ ಆಗಿದೆಯೇ ಎಂದರೆ ಅದೂ ಇಲ್ಲ. ಬ್ರಿಟನ್ನಿನ ಒಂದು ಯೂನಿಟ್ 8 ಗ್ರಾಂ, ಆಸ್ಟ್ರೇಲಿಯದ್ದು 10, ಅಮೆರಿಕದ್ದು 14. ಒಂದು ದೇಶದ ಅಧ್ಯಯನ ಓದಿ ಇನ್ನೊಂದು ದೇಶದ ಲೋಟಕ್ಕೆ ಅನ್ವಯಿಸುವವರು ಇಲ್ಲೇ ಎಡವುತ್ತಾರೆ. ಮನೆಯಲ್ಲಿ ಕೈಯಳತೆಯಲ್ಲಿ ಸುರಿದುಕೊಂಡದ್ದಂತೂ ಬಹುಪಾಲು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರುತ್ತದೆ.

ಕುಡಿದದ್ದು ಮಗುವನ್ನು ತಲುಪುವುದು ಹೇಗೆ? ಮಾಸು ಎಲ್ಲವನ್ನೂ ಸೋಸುವ ಜರಡಿ ಎಂಬ ನಂಬಿಕೆ ಇದೆ. ಆಲ್ಕೊಹಾಲ್ ವಿಷಯದಲ್ಲಿ ಅದು ನಿಜವಲ್ಲ. ಅದರ ಅಣು ತೀರಾ ಚಿಕ್ಕದು, ನೀರಿನಲ್ಲೂ ಕೊಬ್ಬಿನಲ್ಲೂ ಕರಗುವಂಥದ್ದು. ಮಾಸನ್ನು ಅಡೆತಡೆಯಿಲ್ಲದೆ ದಾಟುತ್ತದೆ. ಒಂದೆರಡು ಗಂಟೆಯೊಳಗೆ ಭ್ರೂಣದ ರಕ್ತದ ಮಟ್ಟ ತಾಯಿಯದಕ್ಕೆ ಹತ್ತಿರವಾಗುತ್ತದೆ. ತಾಯಿಯ ಪಿತ್ತಜನಕಾಂಗ ಗಂಟೆಗೆ ಸರಾಸರಿ 7 ಗ್ರಾಂನಷ್ಟನ್ನು ಒಡೆಯಬಲ್ಲದು. ಮೇಲೆ ಹೇಳಿದ 41 ಗ್ರಾಂ ತೀರಲು ಸುಮಾರು 6 ಗಂಟೆ ಬೇಕು. ಭ್ರೂಣದ ಪಿತ್ತಜನಕಾಂಗದಲ್ಲಿ ಅದನ್ನು ಒಡೆಯುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತಾಯಿಯ ರಕ್ತಕ್ಕೇ ಮರಳಿ ಅಲ್ಲಿ ಕರಗಬೇಕು. ನಡುವೆ ಒಂದು ಪಾಲು ಗರ್ಭದ ನೀರಿಗೆ ಸೇರುತ್ತದೆ. ಮಗು ಆ ನೀರನ್ನೇ ನುಂಗುತ್ತದೆ, ಮೂತ್ರವಾಗಿ ಅದಕ್ಕೇ ಬಿಡುತ್ತದೆ, ಮತ್ತೆ ನುಂಗುತ್ತದೆ. ತಾಯಿಯ ಅಮಲು ಇಳಿದ ಮೇಲೂ ಮಗುವಿನ ಸುತ್ತ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ವಾರದ ಒಟ್ಟು ಮೊತ್ತಕ್ಕಿಂತ ರಕ್ತದಲ್ಲಿ ಏರುವ ಶಿಖರ ಮುಖ್ಯ. ವಾರಕ್ಕೆ 70 ಗ್ರಾಂ ಕುಡಿಯುವ ಇಬ್ಬರಲ್ಲಿ ದಿನಕ್ಕೆ 10 ಗ್ರಾಂನಂತೆ ಹಂಚಿಕೊಂಡವಳಿಗಿಂತ ಶನಿವಾರ ರಾತ್ರಿ ಒಟ್ಟಿಗೆ ಮುಗಿಸಿದವಳ ಭ್ರೂಣಕ್ಕೆ ಅಪಾಯ ಹೆಚ್ಚು. ದಿನಕ್ಕೆ 10 ಗ್ರಾಂ ಪರವಾಗಿಲ್ಲ ಎಂದು ಇದರ ಅರ್ಥವಲ್ಲ. ‘ನಾನು ವಾರಕ್ಕೊಮ್ಮೆ ಮಾತ್ರ’ ಎಂಬ ಸಮಾಧಾನದ ಮಾತನ್ನು ಕೇಳಿ ಸುಮ್ಮನಾಗಬಾರದು ಎಂದಷ್ಟೇ.

ಇನ್ನು ಕಾಲದ ವಿಚಾರ. ಗರ್ಭ ಕಟ್ಟಿದ ಆರರಿಂದ ಹತ್ತನೇ ದಿನದ ಹೊತ್ತಿಗೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ತಾಯಿಯ ರಕ್ತದೊಡನೆ ನೇರ ಸಂಬಂಧ ಇರುವುದಿಲ್ಲ. ಮೂರನೇ ವಾರದಿಂದ ಕತೆ ಬದಲಾಗುತ್ತದೆ. 22ನೇ ದಿನದ ಸುಮಾರಿಗೆ ಹೃದಯ ಮಿಡಿಯಲು ತೊಡಗುತ್ತದೆ, 28ನೇ ದಿನದ ಹೊತ್ತಿಗೆ ಮುಂದೆ ಮಿದುಳು, ಬೆನ್ನುಹುರಿ ಆಗಲಿರುವ ನರನಾಳ ಮುಚ್ಚುತ್ತದೆ, ಮುಖವನ್ನು ರೂಪಿಸುವ ಜೀವಕೋಶಗಳು ವಲಸೆ ಹೊರಡುತ್ತವೆ. ಆಲ್ಕೊಹಾಲ್ ಈ ಜೀವಕೋಶಗಳನ್ನು ಸಾಯಿಸಬಲ್ಲದು. ಚಿಕ್ಕ ಕಣ್ಣಿನ ಸೀಳು, ಮೂಗಿಗೂ ಮೇಲ್ತುಟಿಗೂ ನಡುವಿನ ತೋಡು ಅಳಿಸಿಹೋದಂತೆ ಚಪ್ಪಟೆಯಾಗಿರುವುದು, ತೆಳ್ಳನೆಯ ಮೇಲ್ತುಟಿ, ಈ ಮೂರು ಗುರುತುಗಳು ಮೂಡುವುದು ಈ ಕಿರಿದಾದ ಅವಧಿಯಲ್ಲಿ. ಮುಟ್ಟು ತಪ್ಪಿ ಪರೀಕ್ಷೆ ಮಾಡಿಸಿಕೊಳ್ಳುವ ಹೊತ್ತಿಗೆ ಎಷ್ಟೋ ಸಲ ಈ ಕಿಟಕಿ ತೆರೆದಾಗಿರುತ್ತದೆ. ಮಗು ಬೇಕೆಂದು ಪ್ರಯತ್ನಿಸುತ್ತಿರುವವರು ಆಗಲೇ ನಿಲ್ಲಿಸಿ ಎನ್ನುವುದಕ್ಕೆ ಕಾರಣ ಇದೇ.

ಮುಖ ರೂಪುಗೊಂಡ ಮೇಲೆ ಅಪಾಯ ಕಳೆಯಿತೆಂದು ತಿಳಿಯುವುದು ತಪ್ಪು. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಕೊನೆಯ ಮೂರು ತಿಂಗಳಲ್ಲಿ ನರಕೋಶಗಳ ನಡುವಿನ ಕೊಂಡಿಗಳು ವೇಗವಾಗಿ ಬೆಸೆಯುತ್ತವೆ. ಆಲ್ಕೊಹಾಲ್ ನರಕೋಶಗಳನ್ನು ಚುರುಕುಗೊಳಿಸುವ ಎನ್‌ಎಂಡಿಎ ಗ್ರಾಹಕಗಳನ್ನು ತಡೆಯುತ್ತದೆ, ಮಂಕುಗೊಳಿಸುವ ಗಾಬಾ ಗ್ರಾಹಕಗಳನ್ನು ಉತ್ತೇಜಿಸುತ್ತದೆ. ಬೆಳೆಯುವ ಹಂತದಲ್ಲಿ ಹೀಗೆ ಸದ್ದಡಗಿದ ನರಕೋಶ ‘ನನ್ನ ಕೆಲಸವಿಲ್ಲ’ ಎಂದು ತಾನೇ ಅಳಿದುಹೋಗಬಲ್ಲದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಆರನೇ ತಿಂಗಳಿನ ನಂತರ ಕುಡಿದ ಮದ್ಯ ಮುಖದ ಮೇಲೆ ಏನೂ ಬರೆಯದೆ ನೆನಪಿನ ಮೇಲೆ, ಗಮನದ ಮೇಲೆ, ಲೆಕ್ಕ ಹಾಕುವ ಶಕ್ತಿಯ ಮೇಲೆ ಬರೆದುಹೋಗುತ್ತದೆ. ಮದ್ಯದಿಂದ ತೊಂದರೆಗೊಳಗಾದ ಬಹುಪಾಲು ಮಕ್ಕಳ ಮುಖ ಎಲ್ಲರಂತೆಯೇ ಇರುತ್ತದೆ. ‘ಮಗು ನೋಡಿ, ಎಷ್ಟು ಲಕ್ಷಣವಾಗಿದೆ’ ಎನ್ನುವುದು ಇಲ್ಲಿ ಪುರಾವೆಯಲ್ಲ. ಇದರ ಇನ್ನೊಂದು ಮಗ್ಗುಲೂ ಉಂಟು: ಐದನೇ ತಿಂಗಳಲ್ಲಿ ನಿಲ್ಲಿಸಿದರೂ ಆಮೇಲಿನ ನಾಲ್ಕು ತಿಂಗಳ ಮಿದುಳು ಉಳಿಯುತ್ತದೆ. ‘ಹೇಗೂ ಆಗಬಾರದ್ದು ಆಗಿಹೋಯಿತು’ ಎಂದು ಕೈಚೆಲ್ಲುವವರಿಗೆ ಹೇಳಬೇಕಾದ ಮಾತು ಇದು.

ಹಾಗಾದರೆ ಕುಡಿದೂ ಏನೂ ಆಗದ ಮಕ್ಕಳು? ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಬಸಿರಿನಲ್ಲಿ ಕುಡಿದ ಸುಮಾರು 67 ತಾಯಂದಿರಲ್ಲಿ ಒಬ್ಬರಿಗೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್‌ನ, ಅಂದರೆ ಬಸಿರಿನ ಕುಡಿತದಿಂದ ಬರುವ ಕಾಯಿಲೆಯ, ಪೂರ್ಣ ಲಕ್ಷಣಗಳಿರುವ ಮಗು ಹುಟ್ಟುತ್ತದೆ ಎಂದು 2017ರ ಜಾಗತಿಕ ಅಂದಾಜು ಹೇಳುತ್ತದೆ. ಮುಖದ ಗುರುತಿಲ್ಲದ ರೂಪಗಳನ್ನೂ ಸೇರಿಸಿದರೆ ಅದು 13ಕ್ಕೆ ಒಂದು. ಅಂದರೆ 13ರಲ್ಲಿ 12 ಜನ ‘ನನ್ನ ಮಗುವಿಗೆ ಏನೂ ಆಗಲಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲರು. ಅವರ ಮಾತು ಕೇಳಿ ಹದಿಮೂರನೆಯವಳು ಲೋಟ ಎತ್ತುತ್ತಾಳೆ. ಯಾರು ಆ ಹದಿಮೂರನೆಯವಳು ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಆಲ್ಕೊಹಾಲ್ ಒಡೆಯುವ ಕಿಣ್ವದ ವೇಗ ವಂಶವಾಹಿಯಿಂದ ವಂಶವಾಹಿಗೆ ಬೇರೆ, ತಾಯಿಯ ವಯಸ್ಸು, ಮೈತೂಕ, ಪೋಷಣೆ, ಧೂಮಪಾನ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ. ಮಗುವಿನ ಕಡೆಯಿಂದಲೂ ವ್ಯತ್ಯಾಸವಿದೆ: ಒಂದೇ ಗರ್ಭದಲ್ಲಿ, ಅದೇ ಮದ್ಯಕ್ಕೆ ಒಡ್ಡಿಕೊಂಡ ಅವಳಿಗಳಲ್ಲಿ ತದ್ರೂಪಿಗಳಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಹಾನಿಯಾದರೆ, ತದ್ರೂಪಿಗಳಲ್ಲದವರಲ್ಲಿ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆದದ್ದುಂಟು. ಒಂದೇ ಹೊಟ್ಟೆಯೊಳಗೇ ಹೀಗಿರುವಾಗ ಪಕ್ಕದ ಮನೆಯವಳ ಅನುಭವ ನಿಮಗೆ ಯಾವ ಗ್ಯಾರಂಟಿ ಕೊಟ್ಟೀತು?

‘ಕಡಿಮೆ ಪ್ರಮಾಣದಿಂದ ಹಾನಿ ಎಂದು ವಿಜ್ಞಾನ ಸಾಬೀತು ಮಾಡಿಲ್ಲವಲ್ಲ’ ಎಂದು ಓದಿಕೊಂಡವರು ವಾದಿಸುತ್ತಾರೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ವಾರಕ್ಕೆ 32 ಗ್ರಾಂವರೆಗಿನ ಸೇವನೆಯ ಬಗ್ಗೆ 2017ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯೊಂದಕ್ಕೆ ಸಿಕ್ಕಿದ ಪುರಾವೆ ಅಚ್ಚರಿಯಾಗುವಷ್ಟು ಕಡಿಮೆ. ಮಗು ವಯಸ್ಸಿಗೆ ತಕ್ಕ ಗಾತ್ರವಿಲ್ಲದೆ ಹುಟ್ಟುವ ಸಾಧ್ಯತೆ ಶೇ 8ರಷ್ಟು ಹೆಚ್ಚು ಎಂಬುದು ಕಂಡಿತು, ಅಷ್ಟೆ. ಡೆನ್ಮಾರ್ಕಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಕಡಿಮೆ ಕುಡಿದ ತಾಯಂದಿರ ಐದು ವರ್ಷದ ಮಕ್ಕಳ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ಬಗೆಯ ಅಧ್ಯಯನಗಳನ್ನು ಓದುವಾಗ ಮೂರು ಕಡೆ ಕಣ್ಣಿಡಬೇಕು. ಕುಡಿದದ್ದನ್ನು ತಾಯಿಯೇ ಹೇಳಬೇಕು, ಹೇಳುವಾಗ ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಹಲವು ಶ್ರೀಮಂತ ದೇಶಗಳಲ್ಲಿ ಹಿತಮಿತವಾಗಿ ಕುಡಿಯುವ ಗರ್ಭಿಣಿಯರು ಹೆಚ್ಚು ಓದಿದವರು, ಹಣವಂತರು. ಅವರ ಮಕ್ಕಳು ಪರೀಕ್ಷೆಗಳಲ್ಲಿ ಮುಂದಿರುವುದಕ್ಕೆ ಮದ್ಯ ಕಾರಣವಲ್ಲ, ಆ ಅನುಕೂಲಗಳು ಕಾರಣ. ಸಣ್ಣ ಹಾನಿ ಅವುಗಳ ಮರೆಯಲ್ಲಿ ಅಡಗಿಬಿಡುತ್ತದೆ. ಮೂರನೆಯದಾಗಿ, ಐದು ವರ್ಷಕ್ಕೆ ಅಳೆಯುವುದು ಅವಸರ. ಯೋಜಿಸುವುದು, ಕಾರಣ ಪರಿಣಾಮ ಜೋಡಿಸುವುದು, ಆವೇಗ ತಡೆಯುವುದು, ಇವುಗಳ ಕೊರತೆ ಶಾಲೆಯ ಮೇಲಿನ ತರಗತಿಗಳಲ್ಲಿ ಮಾತ್ರ ಎದ್ದು ಕಾಣುತ್ತದೆ. ‘ಹಾನಿ ಕಾಣಲಿಲ್ಲ’ ಎನ್ನುವುದೂ ‘ಹಾನಿಯಿಲ್ಲದ ಮಿತಿ ಗೊತ್ತಾಯಿತು’ ಎನ್ನುವುದೂ ಒಂದೇ ಅಲ್ಲ. ಬಣಗಳ ಜಗಳದ ಅರ್ಧ ಭಾಗ ಈ ಎರಡು ಮಾತನ್ನು ಕಲಸಿಕೊಂಡದ್ದರಿಂದಲೇ ಹುಟ್ಟಿದೆ.

ಸರ್ಕಾರಗಳೂ ಇಲ್ಲೇ ತೂಗಾಡಿವೆ. ಅಮೆರಿಕ 1981ರಲ್ಲೇ ಪೂರ್ತಿ ಬಿಡಿ ಎಂದಿತು, 1989ರಿಂದ ಬಾಟಲಿಗಳ ಮೇಲೆ ಎಚ್ಚರಿಕೆ ಅಂಟಿಸಿತು. ಡೆನ್ಮಾರ್ಕ್ 1999ರಲ್ಲಿ ಸಲಹೆ ಸಡಿಲಿಸಿ 2007ರಲ್ಲಿ ಮತ್ತೆ ಬಿಗಿ ಮಾಡಿತು. ಆಸ್ಟ್ರೇಲಿಯ 2001ರಲ್ಲಿ ವಾರಕ್ಕೆ ಏಳಕ್ಕಿಂತ ಕಡಿಮೆ ಡ್ರಿಂಕ್ ಎಂದದ್ದನ್ನು 2009ರಲ್ಲಿ ‘ಕುಡಿಯದಿರುವುದೇ ಕ್ಷೇಮ’ ಎಂದು ತಿದ್ದಿಕೊಂಡಿತು. ಬ್ರಿಟನ್ನಿನಲ್ಲಿ 2008ರ ಸಲಹೆ ಹೀಗಿತ್ತು: ಮೊದಲ ಮೂರು ತಿಂಗಳು ಬೇಡ, ಆಮೇಲೂ ಕುಡಿಯಲೇಬೇಕೆನಿಸಿದರೆ ವಾರಕ್ಕೆ ಒಂದೆರಡು ಸಲ, ಸಲಕ್ಕೆ ಒಂದೆರಡು ಯೂನಿಟ್. 2016ರಲ್ಲಿ ಅದನ್ನೂ ಕೈಬಿಟ್ಟು ಸೊನ್ನೆಗೆ ಬಂದರು. ಆ ನಡುವೆ ಹೊಸ ಭಯಾನಕ ಪುರಾವೆಯೇನೂ ಸಿಕ್ಕಿರಲಿಲ್ಲ. ಮಿತಿ ಗೊತ್ತಿಲ್ಲದಿದ್ದರೆ ಮಿತಿ ಹೇಳುವುದು ಬೇಡ ಎಂಬ ತೀರ್ಮಾನ ಅದು. ‘ಮುನ್ನೆಚ್ಚರಿಕೆ’ ಎಂದು ಬಾಯಿಬಿಟ್ಟು ಹೇಳಿದರೆ ಹೆಂಗಸರು ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ಮುನ್ನೆಚ್ಚರಿಕೆಯನ್ನೇ ಸಾಬೀತಾದ ಸತ್ಯವೆಂದು ಮಾರಿದಾಗ ನಂಬಿಕೆ ಕೆಡುತ್ತದೆ.

ವೈದ್ಯರಾದರೂ ತಾವು ಮೊದಲಿಂದ ಎಲ್ಲ ಬಲ್ಲವರು ಎಂಬಂತೆ ಮಾತಾಡುವ ಹಾಗಿಲ್ಲ. 1967ರಲ್ಲಿ, ಅವಧಿಗೆ ಮುನ್ನ ನೋವು ಬಂದ ಗರ್ಭಿಣಿಯರಿಗೆ ಹೆರಿಗೆ ತಡೆಯಲೆಂದು ರಕ್ತನಾಳದ ಮೂಲಕ ಆಲ್ಕೊಹಾಲ್ ಹನಿಸುವ ಚಿಕಿತ್ಸೆ ಪ್ರಕಟವಾಯಿತು. ಎಪ್ಪತ್ತರ ದಶಕದಲ್ಲೂ ಅದು ಬಳಕೆಯಲ್ಲಿತ್ತು. ಆ ಚಿಕಿತ್ಸೆ ಪ್ರಕಟವಾದ ಮರುವರ್ಷವೇ, 1968ರಲ್ಲಿ, ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಮದ್ಯವ್ಯಸನಿ ತಂದೆತಾಯಿಯರ 127 ಮಕ್ಕಳಲ್ಲಿ ಒಂದೇ ಬಗೆಯ ಮುಖ, ಕುಂಠಿತ ಬೆಳವಣಿಗೆ ಕಂಡು ಬರೆದಿದ್ದರು. ಫ್ರೆಂಚ್‌ನಲ್ಲಿ ಬಂದ ಬರಹವನ್ನು ಹೊರಗೆ ಹೆಚ್ಚು ಜನ ಓದಲಿಲ್ಲ. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಟು ಮಕ್ಕಳ ವಿವರ ಪ್ರಕಟಿಸಿ, ಅದೇ ವರ್ಷ ಕಾಯಿಲೆಗೆ ಹೆಸರಿಟ್ಟ ಮೇಲೆಯೇ ಜಗತ್ತು ತಿರುಗಿ ನೋಡಿದ್ದು.

ಈಗ ಕೇಳುವ ರೀತಿಗೆ ಬರೋಣ, ಹೆಚ್ಚು ಕೆಡುವುದು ಇಲ್ಲೇ. ‘ನೀವು ಕುಡಿಯುವುದಿಲ್ಲ ತಾನೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆ. ಗಂಡನೋ ಮನೆಯ ಹಿರಿಯರೋ ಪಕ್ಕದಲ್ಲಿ ಕೂತಿದ್ದರಂತೂ ಬೇರೆ ಉತ್ತರ ಬರುವುದೇ ಇಲ್ಲ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ‘ಎಲ್ಲ ಗರ್ಭಿಣಿಯರನ್ನೂ ಕೇಳುತ್ತೇವೆ’ ಎಂದು ಮೊದಲು ಹೇಳಿ, ಹಿಂದಿನಿಂದ ಶುರು ಮಾಡಬೇಕು: ಬಸಿರು ಗೊತ್ತಾಗುವ ಮೊದಲು ವಾರಕ್ಕೆ ಎಷ್ಟು ದಿನ ಕುಡಿಯುತ್ತಿದ್ದಿರಿ, ಯಾವುದು, ಒಮ್ಮೆಗೆ ಎಷ್ಟು, ಒಮ್ಮೆಗೇ ನಾಲ್ಕೈದು ಲೋಟ ಆದದ್ದು ಯಾವಾಗ, ಗೊತ್ತಾದ ಮೇಲೆ ಏನು ಬದಲಾಯಿತು. ಹಿಂದಿನದನ್ನು ಹೇಳುವುದು ಸುಲಭ, ಅದು ಅಪರಾಧವಾಗಿ ಕಾಣುವುದಿಲ್ಲ. ಗರ್ಭಿಣಿಯರಿಗೆಂದೇ 1989ರಲ್ಲಿ ರೂಪಿಸಿದ ಟಿ-ಏಸ್ ಎಂಬ ನಾಲ್ಕು ಪ್ರಶ್ನೆಗಳ ಪಟ್ಟಿ ಇದೇ ಜಾಣತನ ಬಳಸುತ್ತದೆ. ‘ಎಷ್ಟು ಕುಡಿಯುತ್ತೀರಿ’ ಎಂದು ಕೇಳದೆ ‘ಅಮಲು ಏರಲು ಎಷ್ಟು ಡ್ರಿಂಕ್ ಬೇಕಾಗುತ್ತದೆ’ ಎಂದು ಕೇಳುತ್ತದೆ. ಎರಡಕ್ಕಿಂತ ಹೆಚ್ಚು ಎಂದರೆ 2 ಅಂಕ. ಕುಡಿತದ ಬಗ್ಗೆ ಯಾರಾದರೂ ಟೀಕಿಸಿ ಕಿರಿಕಿರಿಯಾಗಿದೆಯೇ, ಕಡಿಮೆ ಮಾಡಬೇಕೆನಿಸಿದೆಯೇ, ಬೆಳಗ್ಗೆ ಎದ್ದೊಡನೆ ಕುಡಿದದ್ದುಂಟೇ, ಇವಕ್ಕೆ ತಲಾ 1. ಒಟ್ಟು 2 ದಾಟಿದರೂ ಮುಟ್ಟಿದರೂ ವಿವರವಾಗಿ ಮಾತಾಡಬೇಕು. ಒಂದೇ ಸಲ ಕೇಳಿ ಬಿಡುವುದಲ್ಲ, ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಮನೆಯಲ್ಲಿ ಗಂಡ ಕುಡಿಯುತ್ತಿದ್ದರೆ ಅವನನ್ನೂ ಈ ಮಾತಿಗೆ ಸೇರಿಸಿಕೊಳ್ಳಬೇಕು. ಎದುರಿಗೇ ಬಾಟಲಿ ತೆರೆಯುವವನ ಪಕ್ಕ ಬಿಡುವುದು ಕಷ್ಟ.

ಹೇಳಿದ್ದನ್ನು ಗರ್ಭಿಣಿಯ ಕಾರ್ಡಿನಲ್ಲಿ ಬರೆಯಬೇಕು, ಗ್ರಾಂ ಮತ್ತು ವಾರದ ಸಮೇತ. ಏಕೆಂದರೆ ಮುಖದ ಮೂರೂ ಗುರುತುಗಳಿರುವ ಮಗುವಿನಲ್ಲಿ ತಾಯಿ ಕುಡಿದ ಪುರಾವೆ ಇಲ್ಲದಿದ್ದರೂ ರೋಗನಿರ್ಣಯ ಸಾಧ್ಯ. ಗುರುತಿಲ್ಲದ ಮಗುವಿನಲ್ಲಿ ಆ ಪುರಾವೆ ಬೇಕೇಬೇಕು. ಎಂಟು ವರ್ಷದ ಹುಡುಗ ನಿನ್ನೆ ಬಂದ ಲೆಕ್ಕ ಇವತ್ತು ಮರೆಯುತ್ತಾನೆ, ಶಿಕ್ಷೆ ಕೊಟ್ಟರೂ ಅದೇ ತಪ್ಪು ಮಾಡುತ್ತಾನೆ, ಮೂರು ಸೂಚನೆ ಒಟ್ಟಿಗೆ ಕೊಟ್ಟರೆ ಮೊದಲನೆಯದರಲ್ಲೇ ನಿಲ್ಲುತ್ತಾನೆ. ಸೋಮಾರಿ, ಮೊಂಡ ಎಂಬ ಹೆಸರು ಬೀಳುತ್ತದೆ. ಕಾರ್ಡಿನಲ್ಲಿ ಒಂದು ಸಾಲು ಇದ್ದಿದ್ದರೆ ಒಂದೊಂದೇ ಸೂಚನೆ, ಚಿತ್ರಗಳ ದಿನಚರಿ, ಗದ್ದಲವಿಲ್ಲದ ಜಾಗ ಎಂದು ಬೇರೆ ದಾರಿ ಹಿಡಿಯಬಹುದಿತ್ತು. ತಾಯಿಯನ್ನು ನಾಚಿಸಿ ಬಾಯಿ ಮುಚ್ಚಿಸಿದ್ದರ ಬೆಲೆ ತೆರುವವನು ಆ ಹುಡುಗ.

ಒಂದು ಎಚ್ಚರಿಕೆಯನ್ನು ‘ಸೊನ್ನೆ’ ಎನ್ನುವವರೂ ಮರೆಯುತ್ತಾರೆ. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಿದ್ದವರು ಮನೆಯಲ್ಲಿ ತಟ್ಟನೆ ನಿಲ್ಲಿಸಬಾರದು. ಕೊನೆಯ ಲೋಟದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ. ಮೊದಲೆರಡು ದಿನಗಳಲ್ಲಿ ಫಿಟ್ಸ್. ಎರಡು ಮೂರು ದಿನಗಳ ಹೊತ್ತಿಗೆ ಭ್ರಮೆ, ಜ್ವರ, ಪ್ರಾಣಾಪಾಯ. ತಾಯಿಗೆ ಫಿಟ್ಸ್ ಬಂದರೆ ಮಗುವಿಗೆ ಆಮ್ಲಜನಕ ತಪ್ಪುತ್ತದೆ. ಬೆಳಗಿನ ವಾಕರಿಕೆಯೆಂದು ಇದನ್ನು ತಪ್ಪು ತಿಳಿಯುವುದೂ ಸುಲಭ. ಇಂಥವರನ್ನು ಆಸ್ಪತ್ರೆಗೆ ಸೇರಿಸಿ, ಕಣ್ಗಾವಲಿನಲ್ಲಿ ಔಷಧಿ ಕೊಟ್ಟು, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ನಿಲ್ಲಿಸಬೇಕು. ಕುಡಿದರೆ ವಾಂತಿ ಬರಿಸುವ ಡೈಸಲ್ಫಿರಾಂ ಮಾತ್ರೆ ಬಸಿರಿನಲ್ಲಿ ಸಲ್ಲದು. ಯಾರೋ ಹೇಳಿದರೆಂದು ಊಟದಲ್ಲಿ ಗುಟ್ಟಾಗಿ ಬೆರೆಸುವವರು ಇದನ್ನು ಮೊದಲು ಓದಲಿ.

ಶಿಕ್ಷಿಸುವ ದಾರಿಯೂ ಜಗತ್ತಿನಲ್ಲಿ ಪ್ರಯೋಗವಾಗಿದೆ. ಅಮೆರಿಕದ ಕೆಲವು ರಾಜ್ಯಗಳು ಬಸಿರಿನ ಕುಡಿತವನ್ನು ಮಗುವಿನ ಮೇಲಿನ ದೌರ್ಜನ್ಯವೆಂದೇ ಪರಿಗಣಿಸುತ್ತವೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ, ತಾಯಿ ಬಸಿರಿನಲ್ಲಿ ಕುಡಿದದ್ದು ಅಪರಾಧವಾಗದು ಎಂದು ತೀರ್ಪಿತ್ತಿತು. ನಮಗೆ ಎರಡನೆಯದೇ ಸರಿ ಅನಿಸುತ್ತದೆ. ಜೈಲಿಗೆ ಅಂಜಿ ಹೆಂಗಸು ಬಿಡುವುದು ಕುಡಿತವನ್ನಲ್ಲ, ತಪಾಸಣೆಗೆ ಬರುವುದನ್ನು. ಅತಿಯಾದ ಮುನ್ನೆಚ್ಚರಿಕೆಯೂ ಹೀಗೇ ತಿರುಗುಬಾಣವಾಗುತ್ತದೆ: 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕರಡೊಂದು ‘ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರ’ ಕುಡಿತ ತಡೆಯುವ ಮಾತಾಡಿದಾಗ, ಹೆಣ್ಣೆಂದರೆ ನಡೆದಾಡುವ ಗರ್ಭಕೋಶವೇ ಎಂದು ಜನ ಸಿಟ್ಟಾದರು. ಸಿಟ್ಟಿನಲ್ಲಿ ನ್ಯಾಯವಿತ್ತು.

ಸಣ್ಣ ಗೊಂದಲಗಳನ್ನೂ ಬಗೆಹರಿಸಿಬಿಡೋಣ. ‘ಆಲ್ಕೊಹಾಲ್ ರಹಿತ’ ಬಿಯರ್‌ನಲ್ಲಿ ಶೇ 0.5 ಇದ್ದರೆ 330 ಮಿ.ಲೀ.ಗೆ 1.3 ಗ್ರಾಂ; ಲೇಬಲ್ಲಿನಲ್ಲಿ 0.0 ಎಂದಿರುವುದನ್ನು ಆರಿಸಿ. ಶೇ 10ರ ಕೆಮ್ಮಿನ ಸಿರಪ್‌ನ 5 ಮಿ.ಲೀ. ಚಮಚದಲ್ಲಿ 0.4 ಗ್ರಾಂ, ಗಾಬರಿ ಬೇಡ, ಮುಂದಿನ ಸಲ ಆಲ್ಕೊಹಾಲ್ ಇಲ್ಲದ್ದನ್ನು ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಲೆಕ್ಕಕ್ಕಿಲ್ಲ. ಹೆರಿಗೆಯ ನಂತರ ಎದೆಹಾಲಿನಲ್ಲಿ ಆಲ್ಕೊಹಾಲ್ ರಕ್ತದಷ್ಟೇ ಇರುತ್ತದೆ. ಹಿಂಡಿ ಚೆಲ್ಲಿದರೆ ಬೇಗ ಹೋಗುವುದಿಲ್ಲ, 14 ಗ್ರಾಂಗೆ ಎರಡು ಗಂಟೆಯಂತೆ ಕಾಯಬೇಕು.

ತಮ್ಮಲ್ಲಿ ಒಂದು ಕೋರಿಕೆ. ಈ ವಿಷಯದ ಮೇಲೆ ಲೇಖನ ಪ್ರಕಟಿಸುವಾಗ ‘ಒಂದು ಪೆಗ್’, ‘ಸ್ವಲ್ಪ’, ‘ಮಿತವಾಗಿ’ ಎಂಬ ಪದಗಳ ಪಕ್ಕ ಗ್ರಾಂ ಹಾಕಿಸಿ, ತಿಂಗಳ ಬದಲು ವಾರ ಹಾಕಿಸಿ. ‘ಬಿಟ್ಟುಬಿಡಿ’ ಎಂಬ ತಲೆಬರಹವಿದ್ದರೆ, ದಿನವೂ ಕುಡಿಯುವವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬೇಡಿ ಎಂಬ ಸಾಲನ್ನು ಅದರ ಕೆಳಗೇ, ಅದೇ ಅಕ್ಷರದ ಗಾತ್ರದಲ್ಲಿ ಅಚ್ಚು ಮಾಡಿಸಿ.

ಇಂತಿ,
ಪ್ರಸೂತಿ ಹಾಗೂ ಮಕ್ಕಳ ಬೆಳವಣಿಗೆ ಕ್ಷೇತ್ರದ ಕೆಲವು ಓದುಗರು